ಪಕ್ಕದ ಬೀದಿಯ ಅಜ್ಜಿಯ ಹಳೆಯ ಜಪಾನಿ ಪೆಟ್ಟಿಗೆ: ತಗೊಳ್ಳಲಾ? ಇಂಥವನ್ನು ಊರಿಗೆ ತಂದು ಮಾರಬಹುದಾ?

ಸಿಂಚನ_ನಿಶಿಕಸಾಯಿ

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಟೋಕಿಯೋದ ನಿಶಿಕಸಾಯಿಯಲ್ಲಿದ್ದೇವೆ. ನಾನೂ ನನ್ನ ಗಂಡನೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಮಾರ್ಚ್‌ನಲ್ಲಿ ಬೆಂಗಳೂರಿಗೆ ವಾಪಸ್ ಹೋಗುತ್ತಿದ್ದೇವೆ.

ಪಕ್ಕದ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ನನ್ನ ಮಗಳನ್ನು ಕಂಡರೆ ಅವರಿಗೆ ಪ್ರಾಣ. ಯಜಮಾನರು ತೀರಿಹೋದ ಮೇಲೆ ಮನೆ ಖಾಲಿ ಮಾಡಿ ಮಗಳ ಮನೆಗೆ ಹೋಗುತ್ತಿದ್ದಾರೆ. ಅವರ ಹತ್ತಿರ ಹಳೆಯ ತನ್ಸು ಒಂದಿದೆ. ನಮ್ಮ ಕಡೆಯ ಪೆಠಾರಿಗೆ ಡ್ರಾಯರ್‌ಗಳಿದ್ದರೆ ಹೇಗಿರುತ್ತದೋ ಹಾಗೆ. ಅಳೆದೆ: ಅಗಲ 120 ಸೆಂ.ಮೀ., ಎತ್ತರ 90. ಮುಂಭಾಗ ಕೆಂಪು ಕಂದು, ಒಳಗಿನಿಂದ ಹೊಳೆಯುವ ಹಾಗಿದೆ. ಮರದ ಗೆರೆಗಳು ನೀರಿನ ಅಲೆಯ ಹಾಗೆ. ಕಬ್ಬಿಣದ ದೊಡ್ಡ ದೊಡ್ಡ ಪಟ್ಟಿಗಳ ಮೇಲೆ ಡ್ರ್ಯಾಗನ್ ಮತ್ತು ಹೂವಿನ ಕೆತ್ತನೆ. ಯಜಮಾನರ ಕಡೆಯವರು ಮಿಯಾಗಿ ಪ್ರಾಂತ್ಯದವರಂತೆ. 30,000 ಯೆನ್ ಕೊಟ್ಟರೆ ಸಾಕು ಎಂದಿದ್ದಾರೆ.

ಇದೇ ಥರದ್ದನ್ನು ಒಂದು ಅಂಗಡಿಯಲ್ಲಿ ನೋಡಿದೆ. ಅಲ್ಲಿ "ಸಮುರಾಯ್ ಕಾಲದ್ದು, 200 ವರ್ಷ ಹಳೆಯದು" ಎಂದು 1,80,000 ಯೆನ್ ಹೇಳಿದರು. ಆಗ ಒಂದು ಆಸೆ ಹುಟ್ಟಿತು. ಹೋಗುವ ಮುಂಚೆ ಇಂಥ ನಾಲ್ಕೈದು ತಗೊಂಡು ಬೆಂಗಳೂರಿನಲ್ಲಿ ಮಾರಿದರೆ ಹೇಗೆ?

ಇನ್ನೊಂದು ವಿಷಯ. ಅಜ್ಜಿ ಒಂದು ಸಣ್ಣ ಡಬ್ಬಿಯನ್ನೂ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದರಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಬೊಂಬೆಗಳಿವೆ. ಕೆಲವು ಮರದವು, ಎರಡು ಬಿಳಿಯವು. ತನ್ಸು ಮೇಲೆ ಅಲ್ಲಲ್ಲಿ ಕಪ್ಪು ಕೊಳೆ ಕೂತಿದೆ. ಸ್ಯಾಂಡ್ ಪೇಪರ್ ಹಾಕಿ ಪಾಲಿಶ್ ಮಾಡಿಸಿದರೆ ಬೆಲೆ ಬರುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕ್ಯೋಟೋ_ಶೃಂಗೇರಿ

ಸಿಂಚನಾ, ಮೊದಲು ಒಂದು ಮಾತು. ಆ ಸ್ಯಾಂಡ್ ಪೇಪರ್ ಕೆಳಗಿಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನು ಕ್ಯೋಟೋದಲ್ಲಿ 21 ವರ್ಷದಿಂದ ಇದ್ದೇನೆ. ಮದುವೆಯಾಗಿ ಬಂದವಳು. ಹಳೆಯ ತನ್ಸು ಕೊಳ್ಳುವುದು, ಚೊಕ್ಕ ಮಾಡುವುದು, ಮಾರುವುದು ನನ್ನ ಕೆಲಸ. ಫುಶಿಮಿಯಲ್ಲಿ ಒಂದು ಹಳೆಯ ಉಗ್ರಾಣ ಬಾಡಿಗೆಗೆ ಹಿಡಿದಿದ್ದೇನೆ.

ನೀವು ಬರೆದ ಅಳತೆ ಓದಿದ ತಕ್ಷಣ ಖುಷಿಯಾಯಿತು. ಶಾಕು ಇಲ್ಲಿನ ಹಳೆಯ ಅಳತೆ, ಒಂದು ಶಾಕು ಅಂದರೆ 30.3 ಸೆಂ.ಮೀ. ನಾಲ್ಕು ಶಾಕು ಅಗಲ, ಮೂರು ಶಾಕು ಎತ್ತರ. ಇದು ಸೆಂದಾಯ್ ತನ್ಸುವಿನ ಪ್ರಸಿದ್ಧ ಅಳತೆ. ಸೆಂದಾಯ್ ಇರುವುದು ಮಿಯಾಗಿ ಪ್ರಾಂತ್ಯದಲ್ಲೇ. ಕೇಯಾಕಿ ಮರದ ಮುಂಭಾಗ, ಅದರ ಮೇಲೆ ಮರದ ಗೆರೆ ಕಾಣುವ ಹಾಗೆ ಹಚ್ಚಿದ ಉರುಶಿ ಎಂಬ ಮೆರುಗು, ಕಬ್ಬಿಣದಲ್ಲಿ ಡ್ರ್ಯಾಗನ್, ಸಿಂಹ, ಪಿಯೋನಿ ಹೂವು. ಎಲ್ಲ ಹೊಂದುತ್ತದೆ. ಆದರೂ ಫೋಟೋ ನೋಡದೆ ಖಂಡಿತ ಎನ್ನಲಾರೆ, ಯಾಕೆಂದರೆ ಇದನ್ನು ಈಗಲೂ ಮಾಡುತ್ತಾರೆ. 2015ರಲ್ಲಿ ಜಪಾನ್ ಸರ್ಕಾರ ಇದನ್ನು ಸಾಂಪ್ರದಾಯಿಕ ಕರಕುಶಲ ವಸ್ತು ಎಂದು ಗುರುತಿಸಿದೆ.

"ಸಮುರಾಯ್ ಕಾಲ" ಎಂಬ ಮಾತನ್ನು ಪಕ್ಕಕ್ಕಿಡಿ. ಸಮುರಾಯ್‌ಗಳ ಆಡಳಿತವಿದ್ದ ಎದೋ ಕಾಲ ಮುಗಿದದ್ದು 1868ರಲ್ಲಿ. ಸಂತೆಯಲ್ಲಿ ಸಿಗುವ ತನ್ಸುಗಳು ಹೆಚ್ಚಾಗಿ ಅದರ ನಂತರದ ಮೇಯ್ಜಿ ಮತ್ತು ತಾಯ್ಶೋ ಕಾಲದವು. ಅಂದರೆ 1926ರವರೆಗಿನವು. ಇಷ್ಟು ದೊಡ್ಡ ಕಬ್ಬಿಣದ ಅಲಂಕಾರ ಇದ್ದರೆ ಮೇಯ್ಜಿ ಎಂದೇ ಮೊದಲು ಊಹಿಸಬೇಕು. ಹಾಗಂತ ಅದು ಕಡಿಮೆಯಲ್ಲ. ಮೇಯ್ಜಿ ಕಾಲದ ಕಬ್ಬಿಣದ ಕೆಲಸ ನೋಡುತ್ತಾ ಕೂತರೆ ನನಗೆ ಊಟದ ಹೊತ್ತು ಮರೆಯುತ್ತದೆ.

ಈಗ ಅಜ್ಜಿಯ ಮನೆಗೆ ಹೋಗಿ ಇಷ್ಟು ನೋಡಿ. ಡ್ರಾಯರ್‌ಗಳನ್ನು ಪೂರ್ತಿ ಹೊರಗೆ ಎಳೆದು ತಿರುಗಿಸಿ. ಮುಂಭಾಗವನ್ನು ಯಾರು ಬೇಕಾದರೂ ಚಂದ ಮಾಡುತ್ತಾರೆ, ಹಿಂಭಾಗ ಸುಳ್ಳು ಹೇಳುವುದಿಲ್ಲ. ಮೊಳೆ ನೋಡಿ. ಕಮ್ಮಾರ ಕುಲುಮೆಯಲ್ಲಿ ಮಾಡಿದ ಮೊಳೆ ಚೌಕವಾಗಿ, ಒಂದಕ್ಕೊಂದು ಸ್ವಲ್ಪ ಬೇರೆಯಾಗಿರುತ್ತದೆ. ತಂತಿಯಿಂದ ಮಾಡಿದ ದುಂಡು ತಲೆಯ ಮೊಳೆ ಇದ್ದರೆ ಮೇಯ್ಜಿ ಮಧ್ಯದ ನಂತರದ್ದು, ಅಥವಾ ಆಮೇಲೆ ರಿಪೇರಿ ಮಾಡಿದ್ದು. ಕಬ್ಬಿಣದ ಪಟ್ಟಿಯ ಅಂಚಿಗೆ ಬೆರಳು ಆಡಿಸಿ. ಉಳಿಯಲ್ಲಿ ಕಡಿದಿದ್ದರೆ ಅಂಚು ಒಂದೇ ಸಮ ಇರುವುದಿಲ್ಲ. ಅಚ್ಚಿನಲ್ಲಿ ಒತ್ತಿದ್ದು ತೆಳ್ಳಗೆ, ನುಣ್ಣಗೆ ಇರುತ್ತದೆ. ಹಿಡಿಗಳನ್ನೂ ನೋಡಿ. ಮಳೆಗಾಲದ ಶುರುವಿನಲ್ಲಿ ಜರಿಗಿಡದ ಎಳೆ ಸುರುಳಿ ಬರುತ್ತದಲ್ಲ, ಆ ಆಕಾರದ ಹಿಡಿಗೆ ಇಲ್ಲಿ ವಾರಬಿತೆ ಎನ್ನುತ್ತಾರೆ. ಒಂದು ಹಿಡಿ ಮಾತ್ರ ಬೇರೆ ಥರ ಇದ್ದರೆ ಅದು ಬದಲಾಯಿಸಿದ್ದು.

ಪೆಟ್ಟಿಗೆಯ ಎರಡು ಪಕ್ಕಕ್ಕೂ ಕಬ್ಬಿಣದ ಹಿಡಿ ಇದೆಯಾ? ಮೇಲಕ್ಕೆತ್ತಿದರೆ ತಲೆಯ ಮೇಲೆ ಕುಣಿಕೆಯ ಹಾಗೆ ನಿಲ್ಲುತ್ತದೆ. ಅದರೊಳಗೆ ಕೋಲು ತೂರಿಸಿ ಇಬ್ಬರು ಹೆಗಲ ಮೇಲೆ ಹೊರುತ್ತಿದ್ದರು, ನಮ್ಮಲ್ಲಿ ಪಲ್ಲಕ್ಕಿಯ ದಂಡಿಗೆ ಹೊರುವ ಹಾಗೆ. ಅದಕ್ಕೇ ತನ್ಸುವನ್ನು ಇಲ್ಲಿ ಒಂದು ಸಾವೊ, ಎರಡು ಸಾವೊ ಎಂದು ಎಣಿಸುತ್ತಾರೆ. ಸಾವೊ ಅಂದರೆ ಕೋಲು. ಮನೆಗೆ ಬೆಂಕಿ ಬಿದ್ದರೆ ಮೊದಲು ಹೊರಗೆ ಸಾಗಿಸುವ ವಸ್ತು ಇದು. ಒಂದು ಕಾಲದಲ್ಲಿ ಚಕ್ರ ಇಟ್ಟೂ ಮಾಡುತ್ತಿದ್ದರು. 1657ರಲ್ಲಿ ಎದೋ ನಗರ, ಅಂದರೆ ಈಗಿನ ಟೋಕಿಯೋ, ಹೊತ್ತಿ ಉರಿಯಿತು. ಎಲ್ಲರೂ ಚಕ್ರದ ಪೆಟ್ಟಿಗೆ ಎಳೆದುಕೊಂಡು ಬೀದಿಗೆ ಬಂದರು. ದಾರಿ ಕಟ್ಟಿಕೊಂಡು ಜನಕ್ಕೆ ಓಡಲು ಜಾಗವಾಗಲಿಲ್ಲ. 1683ರಲ್ಲಿ ಎದೋ, ಒಸಾಕಾ, ಕ್ಯೋಟೋ ಮೂರೂ ಕಡೆ ಚಕ್ರದ ಪೆಟ್ಟಿಗೆಯನ್ನು ನಿಷೇಧಿಸಿದರು. ಹಾಗಾಗಿ ಚಕ್ರದ ತನ್ಸು ಕಂಡರೆ ಚಕ್ರದ ಅಚ್ಚನ್ನು ಮೊದಲು ನೋಡಿ. ಸಾದಾ ಪೆಟ್ಟಿಗೆಗೆ ಆಮೇಲೆ ಚಕ್ರ ಕೂರಿಸಿ ಮಾರುವವರಿದ್ದಾರೆ.

ಇನ್ನು ಕೊಳೆಯ ವಿಷಯ. ನನ್ನ ಜೀವನದಲ್ಲಿ ನಡೆದದ್ದು ಹೇಳುತ್ತೇನೆ.

ಇಲ್ಲಿ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳು 21ಕ್ಕೆ ಸಂತೆ ಸೇರುತ್ತದೆ. ಕೋಬೋ ಸಾನ್ ಎನ್ನುತ್ತಾರೆ. 25ಕ್ಕೆ ಕಿತಾನೊ ತೆನ್ಮಾಂಗು ದೇವಸ್ಥಾನದಲ್ಲಿ ಇನ್ನೊಂದು. ನಾನು ಈ ಕೆಲಸ ಶುರು ಮಾಡಿದ ವರ್ಷ ಕೋಬೋ ಸಾನ್‌ನಲ್ಲಿ ಒಂದು ಕಿರಿ ಮರದ ತನ್ಸು ತಗೊಂಡೆ. 8,000 ಯೆನ್. ಕಿರಿ ತುಂಬ ಹಗುರ ಮರ. ತೇವ ಒಳಗೆ ಬಿಡುವುದಿಲ್ಲ, ಬೆಂಕಿ ಬೇಗ ಹತ್ತುವುದಿಲ್ಲ. ಕಿಮೋನೊ ಇಡಲು ಅದೇ ಬೇಕು. ಹೆಣ್ಣು ಮಗು ಹುಟ್ಟಿದಾಗ ಕಿರಿ ಗಿಡ ನೆಟ್ಟು, ಮದುವೆಯ ಹೊತ್ತಿಗೆ ಕಡಿದು ತನ್ಸು ಮಾಡಿಸುವ ಪದ್ಧತಿ ಹಿಂದೆ ಇತ್ತು. ಎಷ್ಟು ಸರಿಯಾಗಿ ಕೂರಿಸಿರುತ್ತಾರೆ ಅಂದರೆ, ಒಂದು ಡ್ರಾಯರ್ ಒಳಗೆ ತಳ್ಳಿದರೆ ಗಾಳಿಯ ಒತ್ತಡಕ್ಕೆ ಇನ್ನೊಂದು ತಾನಾಗಿ ಹೊರಗೆ ಬರುತ್ತದೆ. ನನ್ನದು ಹಾಗೇ ಇತ್ತು. ಬಣ್ಣ ಮಾತ್ರ ಬೂದು, ಕಲೆಕಲೆ.

ನಾನು ಮೂರು ದಿನ ಕೂತು ಒಳಗೆ, ಹೊರಗೆ, ಹಿಂದೆ, ಎಲ್ಲ ಕಡೆ ಉಜ್ಜಿದೆ. ಬೆಳ್ಳಗಾಯಿತು. ನನಗೆ ಹೆಮ್ಮೆಯಾಯಿತು. ನೋಡಲು ಬಂದ ಒಬ್ಬ ಹಿರಿಯರು ಒಂದೊಂದೇ ಡ್ರಾಯರ್ ಎಳೆದು ಹಿಂದೆ ನೋಡಿದರು. ಕೊನೆಯದರ ಮೂಲೆಯಲ್ಲಿ ಮಸಿಯ ಒಂದೇ ಒಂದು ಅಕ್ಷರ ಉಳಿದಿತ್ತು. ಕಿಚಿ. ಅಂದರೆ ಶುಭ. "ಉಳಿದದ್ದು ಎಲ್ಲಿ?" ಎಂದು ಕೇಳಿದರು. ಯಾವ ವರ್ಷ, ಯಾವ ಮನೆ, ಯಾರ ಮದುವೆಗೆ ಮಾಡಿಸಿದ್ದು, ಎಲ್ಲ ಆ ಹಲಗೆಯ ಮೇಲೆ ಬರೆದಿದ್ದರು. ನಾನು ಅದನ್ನು ಪುಡಿ ಮಾಡಿ ಗುಡಿಸಿ ಹಾಕಿದ್ದೆ. ನನ್ನ ಅಮ್ಮನ ಮದುವೆಯ ಹಿತ್ತಾಳೆ ಕೊಳಗದ ಕಂಠದಲ್ಲಿ ಅಜ್ಜನ ಹೆಸರು, ಇಸವಿ ಕೆತ್ತಿದೆ. ಅದನ್ನು ಯಾರಾದರೂ ಹೊಳಪಿಗೆಂದು ಉಜ್ಜಿ ಅಳಿಸಿದರೆ ನನಗೆ ಹೇಗಾಗುತ್ತದೆ? ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ನೀವು ಒಣ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟೇ. ತೀರಾ ಜಿಡ್ಡಿದ್ದರೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ, ಕೂಡಲೇ ಒಣ ಬಟ್ಟೆ. ಕಬ್ಬಿಣದ ಕಪ್ಪು ಬಣ್ಣ ಕೊಳೆಯಲ್ಲ, ಅದನ್ನು ಉಜ್ಜಿ ಬೆಳ್ಳಗೆ ಮಾಡಬೇಡಿ. ಉರುಶಿ ಅನ್ನುವುದು ನಮ್ಮ ಚನ್ನಪಟ್ಟಣದ ಅರಗಲ್ಲ. ಅರಗು ಹುಳದಿಂದ ಬರುತ್ತದೆ, ಉರುಶಿ ಮರದ ಹಾಲು. ಗೇರು, ಮಾವಿನ ಕುಟುಂಬದ ಮರ. ಹಸಿ ಉರುಶಿ ಮೈಗೆ ತಾಗಿದರೆ ನಮ್ಮ ಮಲೆನಾಡಿನ ಕಾಡುಗೇರಿನ ಹಾಗೇ ಮೈ ಉರಿದು ಬೊಬ್ಬೆ ಬರುತ್ತದೆ. ಒಣಗಿದ ಮೇಲೆ ಭಯವಿಲ್ಲ. ಇನ್ನೊಂದು ವಿಚಿತ್ರ, ಅದು ಗಟ್ಟಿಯಾಗಲು ಗಾಳಿಯಲ್ಲಿ ತೇವ ಬೇಕು. ಒಮ್ಮೆ ಕಿತ್ತರೆ ಮತ್ತೆ ಹಾಕಲು ಉರುಶಿ ಕೆಲಸದವರೇ ಬೇಕು. ಊರಲ್ಲಿ ಯಾರಿದ್ದಾರೆ?

ಈಗ ವ್ಯಾಪಾರ. ಅಜ್ಜಿಯ ತನ್ಸುವನ್ನು ನಿಮ್ಮ ಮನೆಗೆಂದು ತಗೊಂಡರೆ ಯಾವ ಲೈಸೆನ್ಸೂ ಬೇಡ. ಮಾರುವ ಉದ್ದೇಶದಿಂದ ಹಳೆಯ ಸಾಮಾನು ಕೊಳ್ಳುವುದಾದರೆ ಕೋಬುತ್ಸು ಲೈಸೆನ್ಸ್ ಬೇಕೇ ಬೇಕು. ಕದ್ದ ಮಾಲು ಕೈ ಬದಲಾಗುವುದನ್ನು ತಡೆಯಲು 1949ರಲ್ಲಿ ಮಾಡಿದ ಕಾನೂನು. ಅದಕ್ಕೇ ಅರ್ಜಿ ಕೊಡುವುದು ಪೊಲೀಸ್ ಠಾಣೆಯಲ್ಲಿ. ಶುಲ್ಕ 19,000 ಯೆನ್. ನನಗೆ ಸುಮಾರು 40 ದಿನ ಹಿಡಿಯಿತು. ಬಂದ ಮೇಲೆ ನೀಲಿ ಫಲಕದಲ್ಲಿ ನಂಬರ್ ಬರೆಸಿ ಬಾಗಿಲಲ್ಲಿ ಹಾಕಬೇಕು. 10,000 ಯೆನ್ ಮತ್ತು ಮೇಲಿನದಕ್ಕೆ ಮಾರಿದವರ ಗುರುತು ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕ ನನಗೆ ಇಷ್ಟ. ಯಾವ ತನ್ಸು ಯಾರ ಮನೆಯಿಂದ ಬಂತು ಎಂದು ಎಲ್ಲ ಅದರಲ್ಲಿದೆ.

ಆದರೆ ನಿಮ್ಮದು ಕೆಲಸದ ವೀಸಾ ಅಲ್ವಾ? ಅದರಲ್ಲಿ ಪಕ್ಕದಲ್ಲಿ ಸುಮ್ನೆ ವ್ಯಾಪಾರ ಶುರು ಮಾಡುವಂತಿಲ್ಲ. ಇಮಿಗ್ರೇಷನ್‌ನವರ ಅನುಮತಿ ಬೇಕು. ನನಗೆ ಗಂಡನ ಕಡೆಯಿಂದ ಬಂದ ವೀಸಾ ಇತ್ತು, ಆ ತೊಂದರೆ ಇರಲಿಲ್ಲ. ಮೂರು ತಿಂಗಳಲ್ಲಿ ಹೊರಡುವವರು ಇದಕ್ಕೆ ಕೈ ಹಾಕಬೇಡಿ.

ಬೆಲೆ ನೋಡಿ ಮರುಳಾಗಬೇಡಿ. ಹೊಸ ಮನೆಗಳಲ್ಲಿ ಗೋಡೆಯಲ್ಲೇ ಕಪಾಟು, ಕಿಮೋನೊ ಉಡುವವರು ಕಡಿಮೆ. 2023ರ ಸರ್ಕಾರಿ ಲೆಕ್ಕದಲ್ಲಿ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆ ಖಾಲಿ ಇದ್ದವು. ಆ ಮನೆಗಳ ಉಗ್ರಾಣದಲ್ಲಿ ಎಷ್ಟು ತನ್ಸು ಕೂತಿವೆ ಯೋಚಿಸಿ. ಕೊಳ್ಳುವುದು ಸುಲಭ. ಸಾಗಿಸುವುದು, ಇಡುವುದು, ಮಾರುವುದು ಕಷ್ಟ. ಹೋದ ವರ್ಷ 5,000 ಯೆನ್‌ಗೆ ಕೊಂಡದ್ದನ್ನು ಕ್ಯೋಟೋಗೆ ತರಲು ನಾನು 18,000 ಯೆನ್ ಲಾರಿಗೆ ಕೊಟ್ಟೆ.

ಕೊನೆಗೆ ಆ ಬಿಳಿ ಬೊಂಬೆಗಳು. ಅವು ನೆತ್ಸುಕೆ. ಕಿಮೋನೊಗೆ ಜೇಬಿಲ್ಲ. ಚೀಲ, ಡಬ್ಬಿಗಳನ್ನು ದಾರದಲ್ಲಿ ಸೊಂಟದ ಪಟ್ಟಿಗೆ ನೇತುಹಾಕುತ್ತಿದ್ದರು. ದಾರ ಜಾರದಂತೆ ಮೇಲಿನ ತುದಿಯಲ್ಲಿ ಇದನ್ನು ಕಟ್ಟುತ್ತಿದ್ದರು. ಬಿಳಿಯದು ಆನೆದಂತ ಇರಬಹುದು. ಅಡ್ಡ ಕೊಯ್ದ ಭಾಗದಲ್ಲಿ ಒಂದನ್ನೊಂದು ದಾಟುವ ಸಣ್ಣ ಗೆರೆಗಳ ಜಾಲ ಕಂಡರೆ ದಂತ. ಬಿಸಿ ಸೂಜಿ ಚುಚ್ಚಿ ನೋಡಬೇಡಿ, ವಸ್ತು ಹಾಳು. ದಂತವಾಗಿದ್ದರೆ, ಅಥವಾ ಅನುಮಾನ ಇದ್ದರೂ, ಭಾರತಕ್ಕೆ ಒಯ್ಯಲೇಬೇಡಿ. ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1989ರಲ್ಲೇ ನಿಷೇಧ ಬಂತು. ನಮ್ಮ 1972ರ ವನ್ಯಜೀವಿ ಕಾಯ್ದೆಯೂ ಇದೆ. ಆಮೆ ಚಿಪ್ಪಿನ ಬಾಚಣಿಗೆ ಕೊಟ್ಟರೂ ಅಷ್ಟೇ. ಅಜ್ಜಿಗೆ ಕಾರಣ ಹೇಳಿ, ಮರದವನ್ನು ಮಾತ್ರ ಸ್ವೀಕರಿಸಿ. ಖಂಡಿತ ಅರ್ಥ ಮಾಡಿಕೊಳ್ಳುತ್ತಾರೆ.

ರಾಜಾಜಿನಗರ_ವೆಂಕಟೇಶ್

ಅಕ್ಕ ಹೇಳಿದ್ದಕ್ಕೆ ಬೆಂಗಳೂರಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾಗೋಯಾದಲ್ಲಿ ನಾಲ್ಕು ವರ್ಷ ಇದ್ದು 2016ರಲ್ಲಿ ವಾಪಸ್ ಬಂದೆ. ಮಿಜುಯಾ, ಅಂದರೆ ಅಡುಗೆಮನೆಯ ದೊಡ್ಡ ಕಪಾಟು, ಒಂದನ್ನು ಮನೆ ಸಾಮಾನಿನ ಜೊತೆ ತಂದೆ.

ಪಶ್ಚಿಮದ ಕಿಟಕಿಯ ಪಕ್ಕ ಇಟ್ಟಿದ್ದು ನನ್ನ ಮೊದಲ ತಪ್ಪು. ಉರುಶಿಗೆ ಬಿಸಿಲು ಆಗುವುದಿಲ್ಲ. ಎರಡು ವರ್ಷದಲ್ಲಿ ಆ ಕಡೆಯ ಬಾಗಿಲು ಮಂಕಾಯಿತು. ಜಪಾನಿನ ತೇವಕ್ಕೆ ಒಗ್ಗಿದ ಮರ ನಮ್ಮ ಫೆಬ್ರವರಿ, ಮಾರ್ಚ್‌ನ ಒಣಹವೆಗೆ ಬಂದಾಗ ಪಕ್ಕದ ಹಲಗೆ ಗೆರೆಯುದ್ದಕ್ಕೂ ಸೀಳಿತು. ಒಬ್ಬ ಬಡಗಿಯನ್ನು ಕರೆಸಿದೆ. ಅವರು ಸೀಳಿಗೆ ಎಂ-ಸೀಲ್ ತುಂಬಿ ಮೇಲೆ ಪಾಲಿಶ್ ಹೊಡೆದರು. ಒಂದು ಮಳೆಗಾಲ ಕಳೆಯುವುದರೊಳಗೆ ಬಿಳಿ ಬಿಳಿ ತೇಪೆ ಎದ್ದಿತು. ಈಗ ಆ ಪಕ್ಕವನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ಎಸಿ ಗಾಳಿ ನೇರ ಬೀಳದ, ಬಿಸಿಲು ಬರದ ಒಳಗೋಡೆಯ ಪಕ್ಕ ಇಡಿ. ನೆಲಕ್ಕೆ ತಾಗಿಸಬೇಡಿ, ಕೆಳಗೆ ಮರದ ತುಂಡು ಕೊಡಿ. ಒರಲೆ ಹಿಡಿದರೆ ನೂರು ವರ್ಷದ್ದು ಒಂದು ಮಳೆಗಾಲಕ್ಕೆ ಮುಗಿಯುತ್ತದೆ. ಕೊಳ್ಳುವ ಮುಂಚೆ ತೂತುಗಳನ್ನೂ ನೋಡಿ. ಹಳೆಯ ತೂತು ಪರವಾಗಿಲ್ಲ. ಕೆಳಗೆ ಹೊಸ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳ ಇನ್ನೂ ಒಳಗಿದೆ.

ಕಸ್ಟಮ್ಸ್‌ನಲ್ಲಿ ನನಗೆ ತೊಂದರೆಯಾಗಲಿಲ್ಲ. ಸಾಮಾನಿನ ಪಟ್ಟಿಯಲ್ಲಿ ಹೆಸರು, ಅಳತೆ, ಫೋಟೋ, ಕೊಟ್ಟ ಬೆಲೆ ಎಲ್ಲ ಇತ್ತು. ಮಾರಾಟಕ್ಕೆ ತರುವುದು ಬೇರೆಯೇ ದಾರಿ. ಅದಕ್ಕೆ ಇಂಪೋರ್ಟ್ ಎಕ್ಸ್‌ಪೋರ್ಟ್ ಕೋಡ್ ಬೇಕು. ಪ್ಯಾಕಿಂಗ್‌ಗೆ ಹಾಕುವ ಹೊರಗಿನ ಮರದ ಪೆಟ್ಟಿಗೆಗೆ ಹುಳ ಸಾಯುವ ಹಾಗೆ ಬಿಸಿ ಮಾಡಿದ ಮುದ್ರೆ ಇರಬೇಕು, ಕಂಪನಿಯವರನ್ನು ಕೇಳಿ. ಬಂದ ಮೇಲೆ ಆ ಕಾಗದಗಳನ್ನು ಬಿಸಾಡಬೇಡಿ. ನಮ್ಮ 1972ರ ಪ್ರಾಚೀನ ವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ವಸ್ತುವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಮುಂದೆ ನೀವು ಮತ್ತೆ ವಿದೇಶಕ್ಕೆ ಹೊರಟರೆ, ಇದು ಹೊರಗಿನಿಂದ ಬಂದದ್ದು ಎಂದು ತೋರಿಸಲು ಅವೇ ಬೇಕು.

ಸಿಂಚನ_ನಿಶಿಕಸಾಯಿ

ಅಕ್ಕ, ವೆಂಕಟೇಶ್ ಅವರೇ, ತುಂಬಾ ಥ್ಯಾಂಕ್ಸ್. ಮಾರುವ ಯೋಚನೆ ಬಿಟ್ಟೆ. ನಿನ್ನೆ ಸಂಜೆ ಅಜ್ಜಿಯ ಮನೆಗೆ ಹೋಗಿದ್ದೆ. ಡ್ರಾಯರ್ ಎಳೆದು ಹಿಂದೆ ಟಾರ್ಚ್ ಹಾಕಿದೆ. ಪಕ್ಕದಲ್ಲಿ ಕೋಲು ತೂರಿಸುವ ಹಿಡಿ ಇದೆ! ಮೊಳೆಗಳು ಚೌಕ. ಎರಡು ಮಾತ್ರ ದುಂಡು. ಕೆಳಗಿನ ದೊಡ್ಡ ಡ್ರಾಯರ್ ಹಿಂದೆ ಮಸಿಯಲ್ಲಿ ಬರೆದಿದೆ. ನನಗೆ ಓದಲು ಬಂದದ್ದು "ಮೇಯ್ಜಿ 28" ಅಷ್ಟೇ. ಫೋಟೋ ಹಾಕಿದ್ದೇನೆ, ಮನೆಯ ಹೆಸರನ್ನು ಮುಚ್ಚಿದ್ದೇನೆ.

ಕ್ಯೋಟೋ_ಶೃಂಗೇರಿ

ಸಿಂಚನಾ, ಫೋಟೋ ನೋಡಿ ಕಣ್ಣು ತುಂಬಿ ಬಂತು. "ಮೇಯ್ಜಿ 28, ಕುರಿಯ ವರ್ಷ, ಮೂರನೇ ತಿಂಗಳು, ಶುಭದಿನ" ಎಂದಿದೆ. ಮೇಯ್ಜಿ ವರ್ಷಕ್ಕೆ 1867 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. 1895. ಇಲ್ಲಿ ವರ್ಷಗಳಿಗೆ ಹನ್ನೆರಡು ಪ್ರಾಣಿಗಳ ಹೆಸರು ಸರದಿಯಂತೆ ಬರುತ್ತದೆ. ಆ ವರ್ಷ ನಿಜವಾಗಿಯೂ ಕುರಿಯ ವರ್ಷವೇ, ಲೆಕ್ಕ ಸರಿಹೋಗುತ್ತದೆ. ಕಬ್ಬಿಣದ ಕೆಲಸ ಕೈಯದ್ದೇ. ಆ ಎರಡು ದುಂಡು ಮೊಳೆ ಆಮೇಲಿನ ರಿಪೇರಿ ಇರಬೇಕು, ಹಾಗೇ ಇರಲಿ.

ಬೆಲೆಯ ವಿಷಯ ನನ್ನ ಮನಸ್ಸಿಗೆ ಬಂದದ್ದು ಹೇಳಲಾ? 30,000 ಅಜ್ಜಿ ಕಡಿಮೆ ಹೇಳಿದ್ದಾರೆ. ನಾನಾದರೆ ಇದಕ್ಕೆ ಎರಡರಷ್ಟು ಕೊಡುತ್ತಿದ್ದೆ. ಅವರಿಗೆ ಈ ಮಾತು ತಿಳಿಸಿ, ಆಮೇಲೆ ಅವರು ಹೇಳಿದಷ್ಟು ಕೊಡಿ. ಅದರ ಜೊತೆ ಇನ್ನೊಂದು ಕೇಳಿ. ಇದು ಯಾರ ಪೆಟ್ಟಿಗೆ, ಏನು ಇಡುತ್ತಿದ್ದರು, ಮಿಯಾಗಿಯಿಂದ ಟೋಕಿಯೋಗೆ ಯಾವಾಗ ಬಂತು. ಒಂದು ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿ ಮೇಲಿನ ಡ್ರಾಯರ್‌ನಲ್ಲಿಡಿ.

ಸಿಂಚನ_ನಿಶಿಕಸಾಯಿ

ಅಕ್ಕ, ಹೇಳಿದೆ. ಅಜ್ಜಿ ಬೆಲೆ ಏರಿಸಲು ಒಪ್ಪಲಿಲ್ಲ. ಇದು ಅವರ ಯಜಮಾನರ ಅಜ್ಜಿ ಮದುವೆಯಾಗಿ ಬಂದಾಗ ತಂದದ್ದಂತೆ. ಹಾಳೆ ಬರೆಯುತ್ತಾ ಎರಡು ಸಲ ನಿಲ್ಲಿಸಿ ಕಣ್ಣೊರೆಸಿಕೊಂಡರು. ಬಿಳಿ ಬೊಂಬೆಗಳನ್ನು ಮಗಳಿಗೆ ಕೊಡುತ್ತಾರೆ. ನನ್ನ ಮಗಳಿಗೆ ಮರದ ಇಲಿ ಒಂದು ಸಿಕ್ಕಿತು, ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು. ಶನಿವಾರ ಪ್ಯಾಕಿಂಗ್‌ನವರು ಬರುತ್ತಾರೆ. ಅವರಿಗೆ ಏನು ಹೇಳಲಿ?

ಕ್ಯೋಟೋ_ಶೃಂಗೇರಿ

ಡ್ರಾಯರ್ ತೆರೆದುಕೊಳ್ಳದಂತೆ ಅವರು ಮುಂಭಾಗಕ್ಕೆ ನೇರವಾಗಿ ಟೇಪ್ ಅಂಟಿಸಲು ನೋಡುತ್ತಾರೆ. ಬಿಡಬೇಡಿ. ಕೀಳುವಾಗ ಉರುಶಿ ಪದರವೂ ಟೇಪ್ ಜೊತೆ ಎದ್ದು ಬರುತ್ತದೆ. ಮೊದಲು ತೆಳು ಕಾಗದ, ಅದರ ಮೇಲೆ ಹಳೆಯ ಬೆಡ್‌ಶೀಟ್, ಆಮೇಲೆ ಕಂಬಳಿ, ಅದರ ಮೇಲೆ ಹಗ್ಗ. ಪ್ಲಾಸ್ಟಿಕ್ ಹಾಳೆಯನ್ನು ಮರಕ್ಕೆ ತಾಗಿಸಿ ಸುತ್ತಬಾರದು, ಹಡಗಿನಲ್ಲಿ ಬೆವರುತ್ತದೆ. ಹಿಡಿಗಳು ಮುಂಭಾಗಕ್ಕೆ ಬಡಿಯದಂತೆ ಪ್ರತಿಯೊಂದರ ಹಿಂದೆ ಒಂದೊಂದು ಬಟ್ಟೆಯ ತುಂಡು ಸಿಕ್ಕಿಸಿ. ಬೀಗದ ಕೈ ಇದ್ದರೆ ಪೆಟ್ಟಿಗೆಯಲ್ಲಿ ಇಡಬೇಡಿ. ಅದು ನಿಮ್ಮ ಕೈಚೀಲದಲ್ಲೇ ಬರಲಿ. ಅಜ್ಜಿ ಬರೆದ ಹಾಳೆಯೂ ಅಷ್ಟೇ.

ಬೆಂಗಳೂರಿಗೆ ಬಂದಾಗ ಬಿಚ್ಚಲು ಅವಸರ ಮಾಡಬೇಡಿ. ಕಂಬಳಿ ಸಮೇತ ಒಂದು ವಾರ ಕೋಣೆಯೊಳಗೆ ಹಾಗೇ ಬಿಡಿ, ಮರ ಹೊಸ ಹವೆಗೆ ಹೊಂದಿಕೊಳ್ಳಲಿ. ಏಪ್ರಿಲ್‌ನಲ್ಲಿ ನಾನು ಶೃಂಗೇರಿಗೆ ಬರುತ್ತೇನೆ. ದಾರಿಯಲ್ಲಿ ಬೆಂಗಳೂರಿನಲ್ಲಿ ಒಂದು ದಿನ ಇರುತ್ತೇನೆ. ಕರೆದರೆ ಬಂದು ನೋಡುತ್ತೇನೆ.